ಹಡಗಿನ ಹೊಟ್ಟೆಯ ಮುಚ್ಚಳ

"ಏ ಬಂಡೆಪ್ಪಾ! ಸ್ಪ್ಯಾನರ್ ಕೆಳಗಿಡು! ತಲಿ ಒಡೀತೀನಿ!"

ರಾಡ್ ಎತ್ತಿ ನಿಂತವನು ಸಚಿನ. ಶಿಪ್‌ಯಾರ್ಡಿನ ಸೆಕ್ಯುರಿಟಿ.

ನನ್ನ ಮೊಣಕಾಲ ಕೆಳಗೆ ಟ್ಯಾಂಕಿನ ಮುಚ್ಚಳ. ಅರ್ಧ ಬೋಲ್ಟ್ ಬಿಚ್ಚಿದ್ದವು.

"ಒಳಗ ಮನುಷ್ಯಾ ಅದಾನಲೇ!"

"ಪೂಜಾ ಮುಗೀಲಿ!"

ನನ್ನ ಕೆಲಸ ಗೊತ್ತಲ್ಲ ನಿಮಗೆ? ಕಾಂಟ್ರಾಕ್ಟರ್‌ಗಳ ಗಲಾಟೆ ಮುಗಿಸೋದು. ಮಧ್ಯಾಹ್ನ ಮ್ಯಾನೇಜರ್ ಅನಿಲಕುಮಾರನ ಫೋನ್.

"ಗೇಟಿನ್ಯಾಗ ಒಬ್ಬಾಕಿ ಕಿರಿಕಿರಿ ಹಚ್ಯಾಳ. ಇವತ್ತು ಹೊಸಾ ಕ್ರೂಸ್ ಶಿಪ್ಪಿಗೆ ಪೂಜಾ. ಟಿವಿ ಬರ್ತೈತಿ. ಮನೀಗೆ ಕಳಸು."

ಹೋದೆ. ಆಂಟಾಪ್ ಹಿಲ್ ಚಾಳಿನ ಅಕ್ಬರಬಿ. ಕೈಯಲ್ಲಿ ಊಟದ ಡಬ್ಬಿ. ಗಂಡ ದಾವಲಸಾಬ ಇಲ್ಲಿ ವೆಲ್ಡರ್.

"ಅಂವ ಡಬ್ಬಿ ತಗೊಳ್ಳಾಕ ಬಂದಿಲ್ಲಣ್ಣಾ! ನನ್ನ ಮ್ಯಾಲ ಸಿಟ್ಟು ಮಾಡ್ಯಾನ, ರೊಟ್ಟಿ ಮ್ಯಾಲ ಎಂದೂ ಮಾಡಿಲ್ಲ!"

"ಎಲ್ಲಾದ್ರೂ ಚಾ ಕುಡ್ಯಾಕ ಹೋಗ್ಯಾನ, ನಡಿಯಬೇ..."

ಆಕೆ ಕೇಳಲೇ ಇಲ್ಲ. ಗೇಟಿನ ಪಕ್ಕದ ಕಸದ ರಾಶಿ ನೋಡುತ್ತಿದ್ದಳು. ಬಾಡಿದ ಹೂವು, ಹಳೇ ರಟ್ಟು... ಅದರೊಳಗೆ ಒಂದು ಟವೆಲ್.

"ಇದು ಅವಂದು! ಅಂಚು ನಾನ ಹೊಲದೇನಿ!"

ಟವೆಲ್ ಕಸಿದು ನೋಡಿದೆ.

ಟ್ಯಾಂಕಿಗಿಳಿಯುವ ನಮ್ಮ ಕಡೆಯವರದೊಂದು ಪದ್ಧತಿ. ಇಳಿಯುವ ಮುಂಚೆ ಹೆಗಲ ಟವೆಲ್ ಟ್ಯಾಂಕಿನ ಬಾಯಿಯ ಬೋಲ್ಟಿಗೆ ಕಟ್ಟುತ್ತಾರೆ. ಟವೆಲ್ ಇದ್ದರೆ ಒಳಗೆ ಜೀವ ಇದೆ. ಯಾರೂ ಮುಚ್ಚುವುದಿಲ್ಲ.

ಒಳಗೆ ಓಡಿ ಅನಿಲಕುಮಾರನ ಕಾಲರ್ ಹಿಡಿದೆ.

"ಟವೆಲ್ ಯಾರು ತಗದ್ರು?"

"ನಾನ... ಕ್ಯಾಮೆರಾದಾಗ ಚಿಂದಿ ಕಾಣಬಾರ್ದಂತ... ಗಾಳಿ ಪೈಪೂ ತಗಸಿ ಮುಚ್ಚಳಾ ಹಾಕಸೇನಿ..."

ಅವನ ಮುಖದ ಬಣ್ಣ ಇಳಿಯಿತು. ಆದರೆ ನಾಲಿಗೆ ಇಳಿಯಲಿಲ್ಲ.

"ಮಾಲಕ್ರು ಸ್ಟೇಜಿನ ಮ್ಯಾಲ ಅದಾರ. ಪೂಜಾ ಮುಗೀಲಿ, ತಗಿಯೋಣು."

ಪಕ್ಕದ ಫಿಟ್ಟರನ ಸ್ಪ್ಯಾನರ್ ಕಸಿದುಕೊಂಡು ಅವನು ತೋರಿಸಿದ ಟ್ಯಾಂಕಿನ ಕಡೆ ಓಡಿದೆ. ಏಣಿ, ಕೇಬಲ್, ಡೆಕ್... ಹಿಂದೆ ಸಚಿನನ ಬೂಟು!

ಈಗ ಸಚಿನ ರಾಡ್ ಬೀಸಿದ. ತಗ್ಗಿದೆ. ಸ್ಪ್ಯಾನರಿನಿಂದ ಅವನ ಮಂಡಿಗೆ ಕೊಟ್ಟೆ. ಬಿದ್ದ. ಉಳಿದ ಬೋಲ್ಟ್‌ಗಳನ್ನೂ ಬಿಚ್ಚಿದೆ. ಮುಚ್ಚಳ ಸರಿಸಿದೆ.

"ದಾವಲಸಾಬ!"



ಪಕ್ಕದಲ್ಲೇ ಸುತ್ತಿಟ್ಟಿದ್ದ ಗಾಳಿ ಪೈಪು ಒಳಗೆ ಬಿಟ್ಟು ಕಾದೆ... ಅದರ ಹಿಂದೆಯೇ ಇಳಿದೆ.

ಬಾಯಿಯ ಕೆಳಗೆ ಕತ್ತಲಲ್ಲಿ, ಏಣಿಗೆ ತೋಳು ಸಿಕ್ಕಿಸಿಕೊಂಡು ದಾವಲಸಾಬ ಹಾಗೇ ತೂಗುತ್ತಿದ್ದ. ಮೈ ತಣ್ಣಗೆ. ಎರಡೂ ಮುಷ್ಟಿಯ ಚರ್ಮ ಸುಲಿದಿತ್ತು. ಬಡಿದಿದ್ದಾನೆ... ಬಡಿದಿದ್ದಾನೆ... ಮೇಲೆ ಬ್ಯಾಂಡಿನವರ ಪ್ರಾಕ್ಟೀಸಿನಲ್ಲಿ ಯಾರಿಗೂ ಕೇಳಿಲ್ಲ.

ಹೆಗಲಿಗೆ ಹೊತ್ತು ನೇರ ಸ್ಟೇಜಿನ ಕಡೆ ನಡೆದೆ. ಅನಿಲಕುಮಾರ ಅಡ್ಡ ಬಂದ.

"ಮನ್ಯಾಗ ಸತ್ತಾನಂತ ಹೇಳೋ! ಹೊಸಾ ಹಡಗಿಗೆ ಅಪಶಕುನ!"

"ಬಾಜೂ ಸರಿ! ಇನ್ನೊಂದು ಟ್ಯಾಂಕು ಖಾಲಿ ಐತಿ."

ಸರಿದ.

ಗೇಟು ತಳ್ಳಿಕೊಂಡು ಅಕ್ಬರಬಿ ಬಂದಳು. ಅಳಲಿಲ್ಲ. ಗಂಡನ ಮುಖದ ಮಸಿಯನ್ನು ಸೆರಗಿನಿಂದ ಒರೆಸತೊಡಗಿದಳು. ಸ್ಟೇಜಿನ ಮೇಲೆ ಒಬ್ಬ ಸೂಟಿನವನು ಮೈಕಿನಲ್ಲಿ ಹೇಳುತ್ತಲೇ ಇದ್ದ: ಸಾವಿರಾರು ಪ್ರವಾಸಿಗರು, ಈಜುಕೊಳ, ಥಿಯೇಟರು, ಮುಂದಿನ ವರ್ಷ ಇಂಥದ್ದೇ ಇನ್ನೊಂದು ಹಡಗು...

ಡೆಕ್ಕಿನ ಮೇಲೆ ವೆಲ್ಡಿಂಗಿನ ಕಿಡಿಗಳು ನಿಂತವು. ಒಬ್ಬ ಇಳಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಡೀ ಪಾಳಿ ಬಂದು ಹೆಣದ ಸುತ್ತ ನಿಂತಿತು. ಮೈಕು ಬಂದ್ ಆಯಿತು.

ಆಗ ಟಿವಿಯವನು ನನ್ನ ಭುಜ ತಟ್ಟಿದ.

"ಅಣ್ಣಾ, ಎಲ್ಲಾರೂ ಜರಾ ಬಾಜೂ ಸರೀರಿ... ಹಡಗು ಕಾಣವಲ್ದು!"