ತಿರುವಿನಲ್ಲಿ ಸುತ್ತಿಗೆಯ ಸದ್ದು

ಗೂಡ್ಸ್ ಗಾಡಿಯ ಡ್ರೈವರ್ ಎಂಜಿನ್ನಿನಿಂದ ಇಳಿದು ಹಿಂದಕ್ಕೆ ಓಡಿದ. ಜಲ್ಲಿಕಲ್ಲಿನ ಮೇಲೆ ಮುಗ್ಗರಿಸಿ ಬಿದ್ದು ಮತ್ತೆ ಎದ್ದ. ಹಳಿಯ ಪಕ್ಕ ಹುಲ್ಲಿನಲ್ಲಿ ಒಬ್ಬ ಅಂಗಾತ ಬಿದ್ದಿದ್ದ. ಸುತ್ತಿಗೆ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಕಣ್ಣು ತೆರೆದೇ ಇದ್ದವು.

ಪಕ್ಕದಲ್ಲಿ ಆಗಲೇ ಒಬ್ಬರು ಕೂತಿದ್ದರು. ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ಸತ್ತವನ ಹೆಗಲ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದರು. ಚೀಲದಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ನಮ್ಮ ಕೀಮ್ಯಾನ್ ಕಣಪ್ಪ, ದಿನಾ ಹಳಿ ತಟ್ಟಿ ನೋಡೋನು,” ಅಂದರು. “ಬೆಳಿಗ್ಗೆ ಮನೇಲಿ ಜಗಳ ಆಡ್ಕೊಂಡು ಬಂದಿದ್ದ. ಹೀಗೆ ಮಾಡ್ಕೋತಾನೆ ಅಂತ ಅಂದ್ಕೊಂಡಿರ್ಲಿಲ್ಲ.”

ಆ ಮಾತು ಡ್ರೈವರನ ಬಾಯಿಂದ ಸ್ಟೇಷನ್ನಿಗೆ ಹೋಯಿತು, ಸ್ಟೇಷನ್ನಿನಿಂದ ಕಚೇರಿಗೆ. ಸಂಜೆಯೊಳಗೆ ಒಬ್ಬ ಮನುಷ್ಯನ ಸಾವು ಒಂದೇ ಪದಕ್ಕೆ ಇಳಿದಿತ್ತು: ಆತ್ಮಹತ್ಯೆ.

* * *

ರೈಲು ಹಳಿಯ ಮೇಲೆ ಏನೇ ಆದರೂ ಅದಕ್ಕೊಂದು ವರ್ಗ ಇರಲೇಬೇಕು. ಡಿಕ್ಕಿ, ಹಳಿ ತಪ್ಪಿದ್ದು, ಬೆಂಕಿ, ಸ್ವಲ್ಪದರಲ್ಲಿ ತಪ್ಪಿದ ಅಪಘಾತ. ಮನುಷ್ಯ ಸತ್ತರೆ ಅವನಿಗೂ ಒಂದು: ಅತಿಕ್ರಮ ಪ್ರವೇಶ, ಆತ್ಮಹತ್ಯೆ, ಇಲ್ಲವೇ ಕರ್ತವ್ಯದಲ್ಲಿ ಸಾವು. ಯಾವ ವರ್ಗ ಎಂದು ವಿಚಾರಿಸಿ ಹೇಳುವುದು ಸೇಫ್ಟಿ ಮೇಡಂ ಕೆಲಸ. ಬೆನ್ನ ಹಿಂದೆ ಅವರನ್ನು ‘ಅನುಮಾನದಮ್ಮ’ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿಲ್ಲ ಎಂದುಕೊಂಡಿದ್ದರು, ಪಾಪ.

ಮೇಡಂ ಮೊದಲು ಹೋದದ್ದು ಸತ್ತವನ ಮನೆಗೆ. ಹಳಿಗೆ ಆತುಕೊಂಡಂತೆ ಎರಡು ಕೋಣೆಯ ಕ್ವಾರ್ಟರ್ಸ್. ಗಾಡಿಗಳ ಅದುರಿಗೆ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮೊಳೆಗೆ ನೇತುಹಾಕಿದ್ದ ಅವನ ಅಂಗಿ ಇನ್ನೂ ಅಲ್ಲೇ ಇತ್ತು.

“ನಾನೇ ಬೈದೆ,” ಅಂದಳು ಹೆಂಡತಿ. “ಮಗಳು ಹೆತ್ತು ತಿಂಗಳಾಯ್ತು, ಮೊಮ್ಮಗೂನ ನೋಡ್ಕೊಂಡು ಬರೋಣ, ರಜಾ ಹಾಕಿ ಅಂದೆ. ಆಗಲ್ಲ ಅಂದ್ರು. ಆ ಹಳಿನೇ ಕಟ್ಕೋಬೇಕಿತ್ತು ನೀವು, ಹೋಗಿ, ಮತ್ತೆ ಮನೆಗೆ ಬರಲೇಬೇಡಿ ಅಂದ್ಬಿಟ್ಟೆ.”

“ಅದಕ್ಕೆ ಏನಂದ್ರು?”

“ನಕ್ರು. ಸುತ್ತಿಗೆ ತಗೊಂಡು ಹೊರಟ್ರು.” ಆಕೆ ಮೇಡಂ ಮುಖವನ್ನೇ ನೋಡಿದಳು. “ನೀವು ಏನಾದ್ರೂ ಬರ್ಕೊಳ್ಳಿ. ನಂಗೆ ಒಂದೇ ಹೇಳಿ. ನನ್ನ ಮಾತಿಗೆ ಸತ್ತರಾ?”

ಅಷ್ಟರಲ್ಲಿ ಗಾಡಿ ಬಂತು. ಪಾತ್ರೆಗಳು ಗಡಗಡ ನಡುಗಿದವು. ಗಾಡಿ ಹೋಯಿತು, ಮನೆ ಸುಮ್ಮನಾಯಿತು.

ಆಮೇಲೆ ತಿರುವಿನ ಕಡೆಯಿಂದ ಒಂದು ಸದ್ದು. ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್. ಕಬ್ಬಿಣದ ಮೇಲೆ ಕಬ್ಬಿಣ.

ಹೆಂಡತಿ ಎದ್ದು ಹೋಗಿ ಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು ಕಾದಳು. ಮತ್ತೆ ಬಂದು ಕೂತಳು.

“ಅವರ ಸುತ್ತಿಗೆ,” ಅಂದಳು. “ಅವತ್ತಿಂದ ದಿನಾ ಹೀಗೇ. ಗಾಡಿ ಹೋದ ಮೇಲೆ ಹಳಿ ತಟ್ಕೊಂಡು ಬರ್ತಾರೆ. ಬಾಗಿಲು ತೆಗೀತೀನಿ. ಒಳಗೆ ಮಾತ್ರ ಬರಲ್ಲ. ಬರಲೇಬೇಡಿ ಅಂದಿದ್ನಲ್ಲ.”

ಆ ಸುತ್ತಿಗೆ ಕಚೇರಿಯ ಕಪಾಟಿನಲ್ಲಿ ಬೀಗದೊಳಗಿತ್ತು. ಬೆಳಿಗ್ಗೆ ಮೇಡಂ ತಾವೇ ಇಟ್ಟು ಬಂದಿದ್ದರು.

“ರಜಾ ಯಾಕೆ ಆಗಲ್ಲ ಅಂದ್ರಮ್ಮ?” ಎಂದು ಕೇಳುವಾಗ ಅವರ ದನಿಯೇ ಅವರಿಗೆ ಹೊಸದಾಗಿ ಕೇಳಿಸಿತು.

“ತಿರುವಿನಲ್ಲಿ ಎರಡು ಹಳಿ ಸೇರೋ ಜಾಯಿಂಟು ಕೆಟ್ಟಿದೆಯಂತೆ. ಅದು ಸರಿಹೋಗೋವರೆಗೂ ಬೇರೆಯವರ ಕೈಗೆ ಬಿಡಲ್ಲ ಅಂದ್ರು.”

* * *

ಡ್ರೈವರ್ ವಿಶ್ರಾಂತಿ ಕೋಣೆಯಲ್ಲಿ ಟೀ ಮುಂದಿಟ್ಟುಕೊಂಡು ಕೂತಿದ್ದ. ಟೀ ಮೇಲೆ ಕೆನೆ ಕಟ್ಟಿತ್ತು.

“ಅವತ್ತು ಗಾಡಿ ಓಡಿಸುವಾಗ ಫೋನ್ ನೋಡ್ತಿದ್ರಾ?”

“ಬೇಕಾದ್ರೆ ಪರೀಕ್ಷೆ ಮಾಡಿಸಿ ಮೇಡಂ.”

ಮೇಡಂ ಆಗಲೇ ಮಾಡಿಸಿದ್ದರು. ಫೋನ್ ಆಫ್ ಆಗಿತ್ತು. ಸುಮ್ಮನೆ ಕೆಣಕಿ ನೋಡಿದ್ದು, ಅಷ್ಟೇ.

“ಸರಿ. ಕೀಮ್ಯಾನ್ ಹೇಗೆ ನಿಂತಿದ್ರು? ತೋರಿಸಿ.”

ಡ್ರೈವರ್ ಎದ್ದ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ.

“ಕಣ್ಣು ಮುಚ್ಚಿದ್ರೆ ಹೀಗೇ ನಿಂತಿರ್ತಾನೆ ಮೇಡಂ. ಆ ತಿರುವು ಬಂದ್ರೆ ನನ್ನ ಕೈ ತಾನಾಗೇ ಬ್ರೇಕಿಗೆ ಹೋಗುತ್ತೆ.”

“ಹೀಗೆ ಕೈ ಎತ್ತಿದ್ರೆ ಏನರ್ಥ? ಟ್ರೈನಿಂಗಲ್ಲಿ ಕಲ್ತಿದ್ದೀರಲ್ಲ.”

“ಬಾವುಟ ಇಲ್ಲದವನು ಕೊಡೋ ಅಪಾಯದ ಸನ್ನೆ. ಗಾಡಿ ನಿಲ್ಸು ಅಂತ. ಅದಕ್ಕೇ ಬ್ರೇಕ್ ಹಾಕಿದ್ದು. ಆದ್ರೆ ಮುಂದೆ ಅಪಾಯ ಏನೂ ಇರ್ಲಿಲ್ಲ! ಅರ್ಧ ಗಂಟೆ ಬಿಟ್ಟು ಮೇಸ್ತ್ರಿ ಬಂದು, ದಾರಿ ಸರಿ ಇದೆ, ನಿಧಾನ ಹೋಗು ಅಂದ್ರು. ಹೋದೆ. ಸಂಜೆ ನೋಡಿದ್ರೆ ಅವನ ಚೀಲದಲ್ಲಿ ಕೆಂಪು ಬಾವುಟ ಇತ್ತಂತೆ. ಬಾವುಟ ಚೀಲದಲ್ಲಿಟ್ಕೊಂಡು ಯಾರಾದ್ರೂ ಬರಿ ಕೈ ಎತ್ತಾರಾ? ಸಾಯೋಕೇ ನಿಂತಿದ್ದ ಅನ್ನಿಸ್ತು.”

“ಚೀಲ ಕಚೇರಿಗೆ ತಂದುಕೊಟ್ಟಿದ್ದು ಯಾರು?”

“ಮೇಸ್ತ್ರೀನೇ. ಜೋಪಾನವಾಗಿ ಇಟ್ಕೊಂಡಿದ್ರು ಪಾಪ.”

* * *

ಮೇಡಂ ಚೀಲವನ್ನು ಮೇಜಿನ ಮೇಲೆ ಬಿಡಿಸಿದರು. ಬುತ್ತಿ ಡಬ್ಬಿ ಜಜ್ಜಿಹೋಗಿತ್ತು. ಟವೆಲ್ಲು ರಕ್ತ ಕುಡಿದು ಒಣಗಿತ್ತು. ಹಸಿರು ಬಾವುಟ ರಟ್ಟಿನಂತೆ ಸೆಟೆದುಕೊಂಡಿತ್ತು. ಕೆಂಪು ಬಾವುಟವನ್ನು ಎತ್ತಿಕೊಂಡರು. ಮೃದುವಾಗಿತ್ತು. ಬಿಡಿಸಿ ಬೆಳಕಿಗೆ ಹಿಡಿದರು. ಒಂದು ಹನಿ ಕಲೆಯಿಲ್ಲ. ಅದರ ಕೋಲಿನ ತುದಿಯಲ್ಲಿ ಮಾತ್ರ ಮಣ್ಣು ಮೆತ್ತಿತ್ತು.

ಮೇಡಂ ಆ ಕೋಲನ್ನು ಕಾಗದದಲ್ಲಿ ಸುತ್ತಿ ಬೇರೆ ಇಟ್ಟರು.

ತಿರುವಿಗೆ ಜೊತೆಗೆ ಬನ್ನಿ ಎಂದರೆ ಗ್ಯಾಂಗಿನವರು ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ಮಾತ್ರ ಅಂದ, “ಅಲ್ಲಿ ಕೀಮ್ಯಾನ್ ಅಣ್ಣ ಇನ್ನೂ ತಟ್ತಾ ಇದ್ದಾನೆ ಮೇಡಂ. ಬೇಕಾದ್ರೆ ಕೆಲಸದಿಂದ ತೆಗೀರಿ, ನಾವಂತೂ ಬರಲ್ಲ.”

ಮೇಡಂ ಒಬ್ಬರೇ ಹೋದರು. ಮಟಮಟ ಮಧ್ಯಾಹ್ನ. ಗಾಡಿಯೊಂದು ಬಂತೆಂದು ಪಕ್ಕಕ್ಕೆ ಸರಿದು ನಿಂತರು. ಕೊನೆಯ ಡಬ್ಬಿ ದಾಟಿ ಹೋಯಿತು. ಧೂಳು ಕೂತಿತು.

ಟಣ್.

ಎದುರಿಗೇ. ಹತ್ತಿರದಲ್ಲೇ. ಅಲ್ಲಿ ಯಾರೂ ಇರಲಿಲ್ಲ. ಮೇಡಂಗೆ ಭಯವಾಯಿತು, ನಿಜವಾಗಿ ಭಯವಾಯಿತು. ಓಡಿಬಿಡೋಣ ಅನ್ನಿಸಿತು. ಆದರೂ ಸದ್ದು ಬಂದ ಕಡೆಗೇ ಹೆಜ್ಜೆ ಹಾಕಿದರು.

ಮತ್ತೆ ಟಣ್. ಈ ಸಲ ಕಾಲ ಬುಡದಲ್ಲಿ. ಬಗ್ಗಿದರು. ಎರಡು ಹಳಿಗಳ ತುದಿಯನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ. ತೂತು ನಾಲ್ಕು, ಬೋಲ್ಟು ಎರಡೇ. ಅದರಲ್ಲೊಂದು ಬೆರಳಿಗೇ ತಿರುಗಿತು. ಉಳಿದೆರಡು ಹುಲ್ಲಿನಲ್ಲಿ ಬಿದ್ದಿದ್ದವು. ಚಕ್ರಗಳ ಭಾರಕ್ಕೆ ಜಗ್ಗಿದ್ದ ಹಳಿ ತನ್ನ ಜಾಗಕ್ಕೆ ಮರಳುವಾಗ ಸಡಿಲ ಪಟ್ಟಿ ಅದಕ್ಕೆ ಬಡಿಯುತ್ತಿತ್ತು. ದೆವ್ವ ಅದೇ.

ಈ ಸಂದಿನ ಮೇಲೆ ಇಷ್ಟು ದಿನ ಗಾಡಿಗಳು ಓಡಿದ್ದವು. ತಕ್ಷಣ ಸ್ಟೇಷನ್ನಿಗೆ ಫೋನ್ ಮಾಡಿ ಎರಡು ಮಾತು ಹೇಳಿದರು. ಆಮೇಲೆ ಮೇಸ್ತ್ರಿಗೆ ಹೇಳಿ ಕಳಿಸಿದರು.

* * *

“ಈ ಜಾಯಿಂಟು ನೋಡಿದ್ದೀರಾ ಮೇಸ್ತ್ರಿ?”

“ದಿನಾ ನೋಡ್ತೀನಿ. ಎಲ್ಲಾ ಸರಿ ಇದೆ.” ಮೇಸ್ತ್ರಿ ಹತ್ತಿರ ಬರಲಿಲ್ಲ, ದೂರದಲ್ಲೇ ನಿಂತರು.

ತಿರುವಿನಾಚೆ ಗಾಡಿ ಕೂಗಿತು.

“ಪ್ಯಾಸೆಂಜರ್ ಇರಬೇಕು. ಬನ್ನಿ, ಈಚೆ ನಿಂತ್ಕೊಳ್ಳೋಣ,” ಅಂದರು ಮೇಡಂ.

ಮೇಸ್ತ್ರಿ ಕಣ್ಣು ಕೊನೆಗೂ ಹಳಿಯ ಸಂದಿನ ಮೇಲೆ ಬಿತ್ತು. ಮುಖ ಬಿಳಿಚಿತು. ಗಾಡಿ ಮತ್ತೆ ಕೂಗಿತು.

“ಮೇಡಂ, ಬಾವುಟ ಇದೆಯಾ?”

“ಯಾಕೆ? ಎಲ್ಲಾ ಸರಿ ಇದೆ ಅಂದ್ರಲ್ಲ.”

ಮೇಸ್ತ್ರಿ ಓಡಿದರು. ಹಳಿಯ ನಟ್ಟನಡುವೆ, ಎರಡೂ ಕೈ ಮೇಲೆತ್ತಿಕೊಂಡು, ಮಗುವಿನ ಹಾಗೆ ಅಳುತ್ತ ಓಡಿದರು. ತಿರುವು ದಾಟಿದರೆ ಗಾಡಿ ಸಿಗ್ನಲ್ ಬಳಿ ನಿಂತೇ ಇತ್ತು. ಎಂಜಿನ್ ಪಕ್ಕ ಇಬ್ಬರು ಪೊಲೀಸರೂ ಇದ್ದರು. ಮೇಸ್ತ್ರಿ ಕೈ ಇಳಿಸಲಿಲ್ಲ.

“ಇಳಿಸಿ ಮೇಸ್ತ್ರಿ,” ಹಿಂದಿನಿಂದ ಬಂದ ಮೇಡಂ ಅಂದರು. “ಬೋಲ್ಟು ನೋಡಿದ ಕೂಡಲೇ ಗಾಡಿ ನಿಲ್ಲಿಸೋಕೆ ಹೇಳಿದ್ದೆ. ನೀವು ಏನು ಮಾಡ್ತೀರಿ ಅಂತ ನೋಡಬೇಕಿತ್ತು.”

ಮೇಸ್ತ್ರಿ ಕಲ್ಲಿನ ಮೇಲೆ ಕುಸಿದರು.

“ಹಳಿ ಬಿಚ್ಚೋದಕ್ಕೆ ಮೊದಲು ಸ್ಟೇಷನ್ನಿಗೆ ಹೇಳಿ ಗಾಡಿಗಳನ್ನ ತಡೀಬೇಕು. ನೀವು ಹೇಳಲಿಲ್ಲ.”

“ಎಷ್ಟು ಸಲ ಕೇಳಿದ್ದೆ ಮೇಡಂ! ಇವತ್ತಾಗಲ್ಲ, ನಾಳೆ ಬಾ ಅಂತಿದ್ರು. ಎರಡು ಗಾಡಿ ಮಧ್ಯೆ ಸಮಯ ಕದ್ದು ಮುಗಿಸಿಬಿಡೋಣ ಅಂದ್ಕೊಂಡೆ. ನಮ್ಮ ಕಾಲದಿಂದ ಎಲ್ಲರೂ ಹಾಗೇ ಮಾಡ್ತಾರೆ.”

“ಕದ್ದು ಮಾಡೋ ಕೆಲಸಕ್ಕೆ ಸಾಮಾನು ತರಲಿಲ್ಲ. ಕೀಮ್ಯಾನ್ ಹತ್ರ ಇದ್ದ ಒಂದೇ ಕೆಂಪು ಬಾವುಟ ಇಸ್ಕೊಂಡು ಸ್ಟೇಷನ್ ಕಡೆ ನೆಲಕ್ಕೆ ನೆಟ್ಟಿರಿ. ಕೈಯಲ್ಲಿ ಹಿಡಿಯೋ ಬಾವುಟದ ಕೋಲಿಗೆ ಮಣ್ಣು ಮೆತ್ತೋದು ಹಾಗೇ. ಆದ್ರೆ ಗೂಡ್ಸ್ ಹೊತ್ತಿಗೆ ಮುಂಚೆ, ಈ ಕಡೆಯಿಂದ ಬಂತು. ಅವನ ಹತ್ರ ಇದ್ದಿದ್ದು ಎರಡು ಕೈ ಮಾತ್ರ. ಅದನ್ನೇ ಎತ್ತಿ ನಿಂತ. ಬ್ರೇಕ್ ಬಿತ್ತು. ಗಾಡಿ ಅವನ ಮೇಲೆ ಹೋಯ್ತು, ಆದ್ರೆ ಬಿಚ್ಚಿದ ಹಳಿಗಿಂತ ಮೊದಲೇ ನಿಂತ್ಕೊಳ್ತು.”

“ಗಾಡಿ ನಿಂತಿದ್ದ ಅರ್ಧ ಗಂಟೇಲಿ ಎರಡು ಬೋಲ್ಟು ತೂರಿಸಿದ್ವಿ. ಉಳಿದ ತೂತು ಕೂಡಲಿಲ್ಲ. ನಾನೇ ಆಮೇಲೆ ಹಾಕ್ತೀನಿ ಅಂತ ಗ್ಯಾಂಗಿನವರನ್ನ ಕಳಿಸಿದೆ.”

“ಆಮೇಲೆ ಬಾವುಟ ಕಿತ್ತು ತಂದು ಅವನ ಚೀಲಕ್ಕೆ ಹಾಕಿದ್ರಿ. ಹಸಿರು ಬಾವುಟ ರಕ್ತದಲ್ಲಿ ತೊಯ್ದಿತ್ತು. ಕೆಂಪು ಬಾವುಟ ಚೀಲ ಸೇರೋ ಹೊತ್ತಿಗೆ ರಕ್ತ ಒಣಗಿತ್ತು.”

ಮೇಸ್ತ್ರಿ ತಲೆ ಎತ್ತಲಿಲ್ಲ. “ಮತ್ತೆ ಬಿಚ್ಚಬೇಕಂದ್ರೆ ಕಾರಣ ಹೇಳ್ಬೇಕು. ಕದ್ದು ಮಾಡೋಣ ಅಂದ್ರೆ ಗ್ಯಾಂಗಿನವರು ದೆವ್ವ ಅಂತ ಕಾಲಿಡಲಿಲ್ಲ. ದೆವ್ವ ಅಲ್ಲ ಅಂತ ಗೊತ್ತಿದ್ದವನು ನಾನೊಬ್ಬನೇ. ಒಂದೊಂದು ಗಾಡಿ ಹೋದಾಗಲೂ ಕಿವಿ ಮುಚ್ಕೋತಿದ್ದೆ ಮೇಡಂ.”

“ಗಾಡಿ ಉಳಿಸಿದವನ ತಲೆಗೆ ಆತ್ಮಹತ್ಯೆ ಕಟ್ಟಿದ್ರಿ,” ಮೇಡಂ ದನಿ ನಡುಗಿತು. ಸಿಟ್ಟು ಬಂದರೆ ಅವರಿಗೆ ಹಾಗೇ. “ಸಮಯ ಕದ್ದಿದ್ದಾದ್ರೂ ಹೊಟ್ಟೆಗೆ ಹಾಕ್ಕೋಬಹುದಿತ್ತು. ಅವನ ಹೆಂಡತಿ ತನ್ನ ನಾಲಿಗೇನೇ ಗಂಡನ್ನ ಕೊಂದಿತು ಅಂತ ಕೂತಿದ್ದಾಳೆ, ಗೊತ್ತಾ ನಿಮಗೆ?”

ಗೊತ್ತಿತ್ತು. ಅದು ಅವರ ಮುಖದಲ್ಲೇ ಇತ್ತು.

* * *

ಜಾಯಿಂಟಿಗೆ ಹೊಸ ಬೋಲ್ಟು ಬಿದ್ದ ಮರುದಿನ ಮೇಡಂ ಮತ್ತೆ ಆ ಕ್ವಾರ್ಟರ್ಸಿಗೆ ಹೋದರು.

“ನಿಮ್ಮ ಮಾತಿಗಲ್ಲಮ್ಮ. ಗಾಡಿ ನಿಲ್ಲಿಸೋದಕ್ಕೆ ನಿಂತಿದ್ರು. ನಿಲ್ಲಿಸಿದ್ರು. ಕರ್ತವ್ಯದಲ್ಲಿ ಸಾವು ಅಂತ ಬರೆದಿದ್ದೀನಿ.”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಹೋದ ಮೇಲೆ ಆಕೆ ಅತ್ತದ್ದು ಅದೇ ಮೊದಲು. ಮೇಡಂ ಪಕ್ಕದಲ್ಲಿ ಕೂತರು.

ಗಾಡಿ ಬಂತು. ಪಾತ್ರೆಗಳು ನಡುಗಿದವು. ಗಾಡಿ ಹೋಯಿತು.

ಹೆಂಡತಿ ಅಭ್ಯಾಸದಂತೆ ಎದ್ದು ಬಾಗಿಲು ತೆರೆದಳು. ತಿರುವಿನ ಕಡೆ ಕಿವಿಗೊಟ್ಟು ನಿಂತಳು. ಏನೂ ಕೇಳಿಸಲಿಲ್ಲ. ಇನ್ನೂ ನಿಂತಳು. ಆ ಸದ್ದು ಸಡಿಲ ಪಟ್ಟಿಯದು, ಇನ್ನು ಕೇಳಿಸುವುದಿಲ್ಲ ಎಂಬ ಒಂದು ಮಾತನ್ನು ಮೊದಲೇ ಹೇಳಬೇಕಿತ್ತು ಎಂದು ಮೇಡಂಗೆ ಆಗ ಹೊಳೆಯಿತು.

“ಜಾಯಿಂಟು ಸರಿ ಮಾಡಿದ್ರಾ?” ಆಕೆ ತಿರುಗದೆಯೇ ಕೇಳಿದಳು.

“ಹೂಂ. ನಾಲ್ಕೂ ಬೋಲ್ಟು ಹಾಕಿದ್ದಾರೆ.”

“ಹಾಗಾದ್ರೆ ಅವರಿಗೆ ರಜಾ ಸಿಕ್ತು,” ಅಂದಳು.

ಒಳಗೆ ಬಂದು ಗೋಡೆಯ ಮೊಳೆಯಿಂದ ಅವನ ಅಂಗಿ ತೆಗೆದು ಮಡಚತೊಡಗಿದಳು. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.