ಬೂದಿಯಲ್ಲಿ ಇಲ್ಲದ ಬಟ್ಟೆ

ಬೆಳಗ್ಗೆ ಕುಮಾಸಿಯ ಪೇಟೆ ಬಾಗಿಲು ತೆಗೆಯುವ ಹೊತ್ತಿಗೆ ಡುಫಿಯೆಯ ಬಟ್ಟೆ ಅಂಗಡಿ ಬೂದಿಯಾಗಿತ್ತು. ಬೀಗ ಮುರಿದಿರಲಿಲ್ಲ. ಪೊಲೀಸರು ಅವಳನ್ನೇ ಠಾಣೆಯಲ್ಲಿ ಕೂರಿಸಿದ್ದರು. ವಿಮೆ ಕಂಪನಿ ನನ್ನನ್ನು ತನಿಖೆಗೆ ಕಳಿಸಿತು.

ಅಂಗಡಿ ಅವಳ ದುಡಿಮೆಯದು. ವಿಮೆ ಮಾತ್ರ ಅವಳ ಹೆಸರಲ್ಲಿರಲಿಲ್ಲ. ವಿಧವೆಯ ಸಹಿ ಸಾಲದು, ಗಂಡಸು ಬೇಕು ಎಂದು ನಮ್ಮ ಏಜೆಂಟ್ ಮಹಾಶಯ ಅವಳ ಗಂಡನ ಸೋದರಳಿಯ ಟಾಚಿಯ ಹೆಸರಲ್ಲಿ ಬರೆಸಿದ್ದ. ನಮ್ಮಲ್ಲಿ ಸತ್ತವನ ಆಸ್ತಿ ಸೋದರಳಿಯನಿಗೆ ತಾನೇ ಹೋಗುವುದು.

"ಅಂಗಡಿ ನಂಗೆ ಸೇರ್ಬಾರ್ದು ಅಂತ ಅತ್ತೆನೇ ಸುಟ್ಟಿದ್ದಾಳೆ ಯಜಮಾನ್ರೇ," ಎಂದ ಟಾಚಿ.

"ಕೀಲಿ ಯಾರ ಹತ್ರ ಇತ್ತು?"

"ಅವಳ ಸೊಂಟದಲ್ಲಿ. ಮಲಗಿದ್ರೂ ಬಿಚ್ಚಲ್ಲ."

* * *

ಪಕ್ಕದಲ್ಲಿ ಬಾಳೆಹಣ್ಣು ಕರಿಯುವವಳ ಒಲೆಯ ಮೇಲೆ ಅನುಮಾನ ಬಂತು.

"ನನ್ನ ಒಲೆ ತಣ್ಣಗಿತ್ತು ಕಣಪ್ಪ, ನಿನ್ನ ತಲೆ ಥರ," ಎಂದಳು. ನಿಜ, ಅವಳ ಕಡೆಯ ಗೋಡೆಗೆ ಮಸಿಯೂ ಹತ್ತಿರಲಿಲ್ಲ.

ಬೂದಿ ಕೆದಕಿದೆ. ಹತ್ತಿ ಸುಟ್ಟರೆ ಪುಡಿ ಬೂದಿ. ಇಲ್ಲಿ ಸಿಕ್ಕಿದ್ದು ಕರಗಿ ಗಟ್ಟಿಯಾದ ಕಪ್ಪು ಉಂಡೆಗಳು. ಪಾಲಿಯೆಸ್ಟರ್. ಠಾಣೆಗೆ ಹೋಗಿ ಡುಫಿಯೆಗೆ ತೋರಿಸಿದೆ.

"ಥೂ, ಇದನ್ನ ನಾನು ಮಾರ್ತೀನಾ? ನಂದೆಲ್ಲ ಹತ್ತಿ. ಹಿಂದಿನ ಸಂಜೆ ತಾನೇ ಹೊಸ ಮಾಲು ಬಂದಿತ್ತು. ಕೆಂಪು ಬಟ್ಟೆ ಮೇಲೆ ಕಪ್ಪು ಆಮೆ. ಚಿತ್ರ ನಾನೇ ಬರೆಸಿದ್ದು. ಒಂದು ತುಂಡೂ ಮಾರಿಲ್ಲ."

* * *

ಶನಿವಾರ ಟಾಚಿಯ ಮನೆಯಲ್ಲಿ ಅಜ್ಜಿಯ ಉತ್ತರಕ್ರಿಯೆ. ಮನೆಮಂದಿಯೆಲ್ಲ ಒಂದೇ ಥರದ ಬಟ್ಟೆ ಉಡಬೇಕು, ಅದೂ ಹೊಸದು. ಇಲ್ಲದಿದ್ದರೆ ಮಾನ ಹೋಯಿತು. ನಾನೂ ಹೋದೆ. ಡೋಲಿನ ಸುತ್ತ ಹೆಂಗಸರು ಕುಣಿಯುತ್ತಿದ್ದರು. ಎಲ್ಲರ ಸೊಂಟದಲ್ಲೂ ಕೆಂಪು ಬಟ್ಟೆ, ಕಪ್ಪು ಆಮೆ.

"ಟಾಚಿ ಕೊಡಿಸಿದ," ಎಂದಳು ಅವನ ತಾಯಿ. "ಚೆನ್ನಾಗಿದ್ಯಾ?"

"ಚೆನ್ನಾಗಿದೆ ಅಮ್ಮ. ಪೇಟೇಲಿ ಎಲ್ಲೂ ಸಿಗಲ್ಲ."

ಪೊಲೀಸರು ಟಾಚಿಯ ಹಿತ್ತಲ ಕೋಣೆ ತೆಗೆಸಿದರು. ಉಳಿದ ಗಂಟುಗಳು ಅಲ್ಲಿದ್ದವು. ಸತ್ತ ಮಾವನ ಹತ್ತಿರವಿದ್ದ ಅಂಗಡಿಯ ಇನ್ನೊಂದು ಕೀಲಿಯೂ ಸಿಕ್ಕಿತು. ಒಳ್ಳೆಯ ಮಾಲು ಸಾಗಿಸಿ, ಅಗ್ಗದ್ದು ತುಂಬಿ, ಬೆಂಕಿ ಇಟ್ಟಿದ್ದ. ವಿಮೆ ಹಣ ತನಗೆ, ಜೈಲು ಅತ್ತೆಗೆ. ಆ ಚಿತ್ರ ಬೇರೆಲ್ಲೂ ಇಲ್ಲವೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ.

* * *

ಡುಫಿಯೆ ಹೊರಬಂದಳು. ಮಾಲು ವಾಪಸಾಯಿತು. ವಿಮೆ ಹಣ ಬರಲಿಲ್ಲ. ಹೆಸರಿದ್ದವನೇ ಬೆಂಕಿ ಇಟ್ಟರೆ ಯಾವ ಕಂಪನಿ ಕೊಟ್ಟೀತು? ಅವಳು ತಗಡಿನ ಕೆಳಗೆ ವ್ಯಾಪಾರ ಶುರು ಮಾಡಿದಳು. ಏಜೆಂಟ್ ಮತ್ತೆ ಬಂದ. ಜೊತೆಗೆ ನಾನಿದ್ದೆ.

"ಅಕ್ಕಾ, ಹೊಸ ಪಾಲಿಸಿಗೆ ಒಬ್ಬ ಗಂಡಸಿನ ಸಹಿ..."

ಡುಫಿಯೆ ಬಟ್ಟೆ ಅಳೆಯುತ್ತಲೇ ಇದ್ದಳು. "ಗಂಡಸಿನ ಸಹಿಯಿಂದ್ಲೇ ಸುಟ್ಟೋಗಿದ್ದು ಮಾರಾಯ. ನನ್ನ ಹೆಸ್ರು ಬರಿ. ಇಲ್ಲಾ ಎದ್ದು ಗಿರಾಕಿಗೆ ದಾರಿ ಬಿಡು."

ಅವನು ನನ್ನ ಮುಖ ನೋಡಿದ.

"ನನ್ನನ್ನೇನು ನೋಡ್ತೀಯ?" ಎಂದೆ. "ಬರಿ."