ಐದನೇ ಬೇರಿಂಗ್

ನಾನು ಹೊಸಪೇಟೆಯಲ್ಲಿ ಮೆಕ್ಯಾನಿಕ್. ಇದು ೧೯೮೪ರ ಮೇ ತಿಂಗಳಲ್ಲಿ, ಹಾಡಹಗಲೇ ನಡೆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಸಂಡೂರಿನ ಗಣಿ ಮಾಲೀಕ ಗಾದಿಲಿಂಗಪ್ಪನವರು ಹೊಸದಾಗಿ ಮುಂಬಯಿಯಿಂದ ತರಿಸಿದ, ಆಗಲೇ ಸಾಕಷ್ಟು ಓಡಿದ್ದ ವಿದೇಶಿ ಸ್ಪೋರ್ಟ್ಸ್ ಕಾರನ್ನು ನನ್ನಲ್ಲಿಗೆ ತಂದರು. ಕ್ಲಚ್ಚಿಲ್ಲದ, ತಾನೇ ಗೇರು ಬದಲಿಸುವ ಗಾಡಿ. ಅದರ ಎಂಜಿನ್ನನ್ನು ಯಾರೂ ಬಿಚ್ಚಿರಲಿಲ್ಲ.

“ಸಪ್ಪಳ ಬರೋಕಿಂತ ಮೊದ್ಲ ಬೇರಿಂಗು, ಸೀಲು ಹೊಸಾವು ಹಾಕಿಬಿಡ್ರಿ. ಘಾಟಿ ಹತ್ತೋ ಗಾಡಿ,” ಎಂದು ಬಿಡಿಭಾಗಗಳ ಪಾರ್ಸಲ್ ಕೊಟ್ಟು ಎದುರಿಗೇ ಕುಳಿತರು.

ಕಾರಿನ ಕೆಳಗೆ ಮಲಗಿ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಇಳಿಸಿದೆ. ಅಂಥ ಬಿಸಿಲಲ್ಲೂ ಎಂಜಿನ್ ಕೊರೆಯುವಷ್ಟು ತಣ್ಣಗಿತ್ತು. ಬೇರಿಂಗುಗಳನ್ನು ಹಿಡಿದಿಡುವ ಐದು ಕ್ಯಾಪುಗಳಲ್ಲಿ ನಾಲ್ಕು ಮಾತ್ರ ಅಂಗೈಯಂತೆ ಬೆಚ್ಚಗಿದ್ದವು. ಯಾವುದು ಎಲ್ಲಿಗೆಂದು ತಿಳಿಯಲು ಮೆಕ್ಯಾನಿಕ್ಕುಗಳು ಹೊಡೆಯುವ ಪಂಚಿನ ಚುಕ್ಕಿಗಳು ಆ ನಾಲ್ಕರ ಮೇಲೂ ಹೊಳೆಯುತ್ತಿದ್ದವು: ಒಂದು, ಎರಡು, ಮೂರು, ನಾಲ್ಕು. ಎಲ್ಲವೂ ಎಡಕ್ಕೆ ವಾಲಿದ್ದವು. ಹಾಗೆ ಹೊಡೆಯುತ್ತಿದ್ದವರು ನನಗೆ ಕೆಲಸ ಕಲಿಸಿದ ಎಡಚ ಉಸ್ತಾದ್ ಮುದುಕಪ್ಪ ಒಬ್ಬರೇ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಬಿಚ್ಚಿದರೆ ನಾಲ್ಕರಲ್ಲೂ ಹೊಚ್ಚಹೊಸ ಬೇರಿಂಗ್. ಅರಗಿನ ಮುದ್ರೆ ಒಡೆಯದ ಪಾರ್ಸಲ್ಲನ್ನು ನಾನೇ ಹರಿದೆ. ಒಳಗೆ ಎಂಜಿನ್ನಿನಲ್ಲಿ ಓಡಿ ಸವೆದ ಬೇರಿಂಗು ನಾಲ್ಕು, ಹೊಸದು ಒಂದು.

“ಗಾಡೀನ ಯಾರರ ಮುಟ್ಟಿದ್ರೇನ್ರಿ?” ಎಂದೆ.

“ಇಲ್ರಿ, ನಾ ಇಲ್ಲೇ ಕುಂತೀನಲ್ಲ. ಯಾಕ, ನಿಮ್ಮ ಮಾರಿ ಹಿಂಗ್ಯಾಕಾತು?” ಎಂದರು ಗಾದಿಲಿಂಗಪ್ಪ.

ನಾಲ್ಕು ಕ್ಯಾಪುಗಳನ್ನೂ ಮತ್ತೆ ಬಿಗಿದೆ. ಐದನೆಯದನ್ನೂ ಸೀಲುಗಳನ್ನೂ ಕೂರಿಸಿದೆ. ಆ ಕ್ಯಾಪಿಗೆ ಮಾತ್ರ ನಾನು ಚುಕ್ಕಿ ಹೊಡೆಯಲಿಲ್ಲ.

ಮರುವರ್ಷ ಅದೇ ಕಾರನ್ನು ಮತ್ತೆ ಬಿಚ್ಚಿದೆ. ನಡುವೆ ಅದು ಯಾವ ಗ್ಯಾರೇಜಿಗೂ ಹೋಗಿರಲಿಲ್ಲ. ಐದನೇ ಕ್ಯಾಪಿನ ಮೇಲೆ ಐದು ಚುಕ್ಕಿಗಳಿದ್ದವು. ಐದೂ ಎಡಕ್ಕೆ ವಾಲಿದ್ದವು.